ಮನ್ನಾ ಕಾಕಾ

ಊರಿಗೊಬ್ಬ ಮನ್ನಾ ಕಾಕಾ ಇದ್ದೇ ಇರುತ್ತಾರೆ. ಬೇರೆ ಊರುಗಳಲ್ಲಿ ಇಂಥವರನ್ನು ಏನೆಂದು ಕರೆಯುತ್ತಾರೋ, ನಮ್ಮ ಉಗರಗೋಳದ ಓಣಿಯಲ್ಲಿ ಇಟ್ಟ ಹೆಸರು ಇದು. ಇವರು ಸಾಲ ಮಾಡಿರುತ್ತಾರೆ. ಅದನ್ನು ಸರಕಾರ ಇಂದಲ್ಲ ನಾಳೆ ಮನ್ನಾ ಮಾಡುತ್ತದೆ ಎಂದು ನಂಬಿಯೂ ಇರುತ್ತಾರೆ. ಗಾದಿಯ ಮೇಲೆ ಯಾವ ಪಕ್ಷ ಕೂತರೂ ಇವರಿಗೆ ಒಂದೇ. ಬಜೆಟ್ಟಿನ ದಿನ ಮಾತ್ರ ಟಿವಿ ಮುಂದಿನಿಂದ ಊಟಕ್ಕೂ ಏಳುವುದಿಲ್ಲ. ನನ್ನ ಪಾಲಿಗೆ ಬಂದ ಮನ್ನಾ ಕಾಕಾ ಎದುರು ಮನೆಯವರು. ಅವರ ಮನೆಸಾಲಕ್ಕೆ ಜಾಮೀನು ನಾನು. ಹೀಗಾಗಿ ಈ ಚಿತ್ರದಲ್ಲಿ ಅಲ್ಲಲ್ಲಿ ಬಣ್ಣ ಗಾಢವಾಗಿದ್ದರೆ ಓದುಗರು ಹೊಟ್ಟೆಗೆ ಹಾಕಿಕೊಳ್ಳಬೇಕು.

ನಮ್ಮದು ಯಲ್ಲಮ್ಮನ ಗುಡ್ಡದ ಬುಡದ ಊರು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಬರುವ ಲಕ್ಷಾಂತರ ಮಂದಿಯನ್ನು ನೋಡಿ ನೋಡಿ ಕಾಕಾರ ತಲೆಯಲ್ಲಿ ಲಾಡ್ಜಿನ ಹುಳ ಹೊಕ್ಕಿತು. ಮಣ್ಣಿನ ಮಾಳಿಗೆ ಕೆಡವಿ ಸ್ಲ್ಯಾಬ್ ಹಾಕಿಸಿ, ಅದರ ಮೇಲೆ ಎರಡು ಕೋಣೆ ಏರಿಸಿದರು. ಗೀಸರ್ ಕೂಡಿಸಿದರು. ಆದರೆ ಚಕ್ಕಡಿ, ಟ್ರ್ಯಾಕ್ಟರ್ ಹೂಡಿಕೊಂಡು ಬರುವ ಜನ ಬಯಲಲ್ಲೇ ಒಲೆ ಹೊತ್ತಿಸಿ, ಅಲ್ಲೇ ಪಡ್ಡಲಿಗೆ ತುಂಬಿಸಿ, ಚಕ್ಕಡಿಯ ಕೆಳಗೇ ಮಲಗಿ ಎದ್ದು ಹೋಗುತ್ತಾರೆ. ಗೀಸರ್ ಅವರಿಗೆ ಯಾಕೆ ಬೇಕು? ಅಷ್ಟರಲ್ಲಿ ಕೊರೋನಾ ಬಂತು, ಗುಡಿಯೇ ತಿಂಗಳುಗಟ್ಟಲೆ ಭಕ್ತರಿಗೆ ಮುಚ್ಚಿತು. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತ್ತು. ಬಡ್ಡಿ ಮಾತ್ರ ತನ್ನ ಪಾಡಿಗೆ ಬೆಳೆಯುತ್ತಿತ್ತು. ಕಾಕಾ ಅದನ್ನು ಮನ್ನಾದ ಮುನ್ಸೂಚನೆ ಎಂದುಕೊಂಡು ಆಮೇಲೂ ಕಟ್ಟಲಿಲ್ಲ.

ಮನ್ನಾದ ಇತಿಹಾಸ ಅವರಿಗೆ ಬಾಯಿಪಾಠ. 2008ರಲ್ಲಿ ಕೇಂದ್ರದ್ದು, 2017ರಲ್ಲಿ ಸಿದ್ದರಾಮಯ್ಯನವರದ್ದು, 2018ರಲ್ಲಿ ಕುಮಾರಸ್ವಾಮಿಯವರದ್ದು. “ಕಾಕಾ, ಅವೆಲ್ಲಾ ಬೆಳಿಸಾಲರಿ. ನಿಮ್ಮದು ಮನಿಸಾಲ” ಎಂದೆ.

“ಮನಿ ಇಲ್ಲದ ಬೆಳಿ ಎಲ್ಲಿ ಒಟ್ಟಲಿ ತಮ್ಮಾ?”

ಇದಕ್ಕೆ ಹಣಕಾಸು ಮಂತ್ರಿಯೂ ಉತ್ತರ ಕೊಡಲಾರರು.

ಬ್ಯಾಂಕಿನ ಲಕೋಟೆ ಬಂದರೆ ಕಾಕಾ ಒಡೆಯುವುದಿಲ್ಲ. ಕೈಕಾಲು ತೊಳೆದುಕೊಂಡು, ಒಳಗೆ ಒಯ್ದು, ಜಗಲಿಯ ಮೇಲಿನ ಯಲ್ಲಮ್ಮನ ಫೋಟೋದ ಹಿಂದೆ ಇಟ್ಟು, ಮೇಲೊಂದು ಚಿಟಿಕೆ ಭಂಡಾರ ಉದುರಿಸಿ ಕೈ ಮುಗಿಯುತ್ತಾರೆ. “ಗುಡ್ಡದಾಕಿ ಅದಾಳ.” ಅದೇ ನೋಟೀಸಿನ ಇನ್ನೊಂದು ಪ್ರತಿ ಜಾಮೀನುದಾರನಿಗೂ ಬರುತ್ತದಲ್ಲ! ನಮ್ಮ ಮನೆಯಲ್ಲಿ ಅದನ್ನು ಒಡೆಯುವವಳು ನನ್ನ ಹೆಂಡತಿ, ಓದುವವಳೂ ಅವಳೇ, ಓಣಿಗೆಲ್ಲ ಕೇಳುವಂತೆ. ಸಾಲಗಾರನಷ್ಟೇ ಜಾಮೀನುದಾರನೂ ಹೊಣೆ ಎಂದು ಕಾಯಿದೆ ಹೇಳುತ್ತದೆ. ಅವಳು ಅದಕ್ಕಿಂತ ಸ್ವಲ್ಪ ಹೆಚ್ಚೇ ಹೇಳಿದಳು.

ಒಂದು ಸಂಜೆ ಹೋಗಿ ಫೋಟೋದ ಹಿಂದಿನ ಕಟ್ಟು ಇಳಿಸಿದೆ. ಒಂದೊಂದು ಲಕೋಟೆ ಒಡೆದಾಗಲೂ ಅಂಗಿಯ ಮೇಲೆ ಭಂಡಾರ. ಕಂತು ತಪ್ಪಿ 90 ದಿನ ದಾಟಿದ್ದರಿಂದ ಖಾತೆಯನ್ನು ಕೆಟ್ಟ ಸಾಲಕ್ಕೆ ಸೇರಿಸಿದ್ದರು. ಕೊನೆಯದು 2002ರ ಸರ್ಫೇಸಿ ಕಾಯಿದೆಯ ನೋಟೀಸು: 60 ದಿನದೊಳಗೆ ಬಾಕಿಯೆಲ್ಲ ಕಟ್ಟಬೇಕು, ಇಲ್ಲದಿದ್ದರೆ ಮನೆ ಬ್ಯಾಂಕಿನ ವಶ. ನಾನು ದಾರಿಗಳನ್ನು ಹೇಳುತ್ತ ಹೋದೆ.

“ಮ್ಯಾನೇಜರ್ ಕಡೆ ಹೋಗಿ ಅವಧಿ ಹೆಚ್ಚು ಮಾಡಸ್ರಿ, ಕಂತು ಸಣ್ಣದಾಗತೈತಿ.”

“ಅಲ್ಲೀತನಕಾ ನಾ ಇರತೇನೇನೋ?”

“ಒಂದ ಗಂಟ ಕಟ್ಟಿ ಸೆಟ್ಲಮೆಂಟ್ ಮಾಡ್ಕೋರಿ, ಬಡ್ಡಿ ಒಂದಿಷ್ಟು ಬಿಡತಾರ.”

“ಗಂಟ ಇದ್ದಿದ್ರ ಸಾಲ ಯಾಕ ಮಾಡ್ತಿದ್ನಿ?”

“ನೋಟೀಸಿಗೆ ತಕರಾರ ಅರ್ಜಿ ಕೊಡ್ರಿ. 15 ದಿನದಾಗ ಅವರು ಉತ್ತರಾ ಕೊಡಬೇಕು.”

“ಅರ್ಜಿ ಬರದ್ರ ನಾ ನೋಟೀಸ ಓದೇನಿ ಅಂತ ಅವರಿಗೆ ಗೊತ್ತಾಗೂದಿಲ್ಲೇನ?”

ಹರಾಜಾದರೆ ಬಂದಷ್ಟಕ್ಕೆ ಹೋಗುತ್ತದೆ, ಬ್ಯಾಂಕಿಗೆ ಹೇಳಿ ನೀವೇ ಗಿರಾಕಿ ಹುಡುಕಿ ಮಾರಿದರೆ ಸಾಲ ತೀರಿ ನಾಕು ಕಾಸು ಉಳಿದೀತು ಎಂದೂ ಹೇಳಿದೆ. ಅದಕ್ಕೆ ಮಾತ್ರ ಕಾಕಾ ಉತ್ತರ ಕೊಡಲಿಲ್ಲ. ಎತ್ತಿಗೆ ನೀರು ಕುಡಿಸುತ್ತೇನೆ ಎಂದು ಎದ್ದು ಹೋದರು. ಎತ್ತು ಮಾರಿ ಆಗಲೇ ಎರಡು ವರ್ಷವಾಗಿತ್ತು.

ನನ್ನ ಅಷ್ಟೂ ಉಪದೇಶದಲ್ಲಿ ಅವರ ಕಿವಿಗೆ ಬಿದ್ದದ್ದು ಒಂದೇ ಮಾತು: ಈ ಕಾಯಿದೆ ಕೃಷಿಭೂಮಿಗೆ ನಡೆಯುವುದಿಲ್ಲ. ಮರುದಿನ ಮಾಳಿಗೆಯ ಮೇಲೆ ಮಣ್ಣು ಏರತೊಡಗಿತು. ಮಡಿ ಕಟ್ಟಿ ಮೆಂತೆ ಬಿತ್ತಿದರು, ಹಳೆಯ ಬಕೀಟುಗಳಲ್ಲಿ ಬದನೆ ಹಚ್ಚಿದರು. ಬ್ಯಾಂಕಿನವರು ಬಂದಾಗ ಗೌರವದಿಂದ ಮೇಲಕ್ಕೆ ಕರೆದೊಯ್ದು, “ನೋಡ್ರಿ ಸಾಹೇಬ್ರ, ಇದು ಹೊಲ. ನೀವು ಮುಟ್ಟಂಗಿಲ್ಲ” ಎಂದರು. ಸಾಹೇಬರು ಕಿಲಾಡಿ. ನಗಲೂ ಇಲ್ಲ. “ಹೌದ್ರಿ ಯಜಮಾನ್ರ, ಹೊಲಾ ಛಲೋ ಐತಿ. ಇದರ ಉತಾರ ತಗೊಂಡ ಬರ್ರಿ” ಎಂದರು. ಕಾಕಾ ಕ್ಷಣ ಯೋಚಿಸಿ, ಎರಡು ಸೂಡು ಮೆಂತೆ ಕಿತ್ತು ಅವರ ಕೈಗಿತ್ತರು. ಸಾಹೇಬರು ಪಲ್ಲೆ ಒಯ್ದರು. ಕೆಲವೇ ದಿನಕ್ಕೆ ತಲೆಬಾಗಿಲಿಗೆ ಸ್ವಾಧೀನದ ನೋಟೀಸು ಅಂಟಿತು, ಪತ್ರಿಕೆಯಲ್ಲೂ ಬಂತು. ಮನೆಯಿಂದ ಹೊರಗೆ ಹಾಕಿರಲಿಲ್ಲ, ಕಾಗದದ ಮೇಲಿನ ಸ್ವಾಧೀನ ಅಷ್ಟೇ.

ಇದೇ ಕಾಕಾ ಹರೆಯದಲ್ಲಿ ಹಸಿರು ಟವೆಲ್ಲಿನವರು. 1980ರ ಜುಲೈ 21ರಂದು ನರಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆದಾಗ ಈ ಮಲಪ್ರಭೆಯ ಸೀಮೆಯೆಲ್ಲ ಎದ್ದು ಕೂತಿತ್ತು. ಆಮೇಲೆ ರೈತಸಂಘ ಬಂತು. ಸಾಲಕ್ಕೆಂದು ಯಾರದೋ ಮನೆಯ ಸಾಮಾನು ಜಪ್ತಿಯಾದರೆ ಮಂದಿ ಗುಂಪಾಗಿ ಹೋಗಿ ಮರಳಿ ತರುತ್ತಿದ್ದರು. ಮರುಜಪ್ತಿ ಎಂದೇ ಅದಕ್ಕೆ ಹೆಸರು. ಆ ಕಥೆಯನ್ನು ಕಾಕಾ ಹೇಳುವಾಗ ಹಂಡೆ ಹೊತ್ತು ತಂದವರ ನಡಿಗೆಯನ್ನೂ ನಡೆದು ತೋರಿಸುತ್ತಾರೆ. ಒಬ್ಬನ ಹಂಡೆ ಹೋದರೆ ಊರಿಗೇ ಅವಮಾನವಾಗುತ್ತಿದ್ದ ಕಾಲ. ಈಗ ಬಾಗಿಲಿಗೆ ನೋಟೀಸು ಬಿದ್ದರೆ ಅವಮಾನ ಮನೆಯವರದ್ದೊಂದೇ. ಓಣಿಯ ಮಂದಿ ಆ ಕಡೆ ನೋಡದೆ ದಾಟುತ್ತಿದ್ದರು, ನನ್ನನ್ನೂ ಸೇರಿಸಿ. ಕಾಕಾರ ಹೆಂಡತಿ ಕಾಕು ಮಾತ್ರ ದಿನಾ ಬೆಳಿಗ್ಗೆ ಆ ಬಾಗಿಲಿನ ಮೇಲೆ ಕೌದಿ ಒಣಹಾಕುತ್ತಿದ್ದಳು. ಕೌದಿ ಯಾವಾಗಲೂ ಒಣಗಿಯೇ ಇತ್ತು. ಲಕೋಟೆ ಒಡೆಯದ ಕಾಕಾರ ಮೇಲೆ ನನಗಿದ್ದ ಸಿಟ್ಟು ಆ ಕೌದಿ ನೋಡಿದ ಮೇಲೆ ಮೊದಲಿನಂತೆ ಏರಲಿಲ್ಲ.

ಕೊನೆಗೆ ಲಕೋಟೆಯ ಕಟ್ಟನ್ನು ಸೆರಗಿನಲ್ಲಿ ಸುತ್ತಿಕೊಂಡು ಸವದತ್ತಿಯ ಲೋಕ ಅದಾಲತ್ತಿಗೆ ಹೊರಟವಳೂ ಕಾಕುವೇ. ಕಾಕಾರನ್ನು ಹಿಂದೆ ಎಳೆದುಕೊಂಡು ನಾನು ಹೋದೆ. ಹರಾಜಿನ ಪ್ರಕಟಣೆ ಬರುವ ಮುಂಚೆ ಬಾಕಿ ತೀರಿಸಿದರೆ ಮನೆ ಬಿಡಿಸಿಕೊಳ್ಳುವ ಹಕ್ಕು ಸಾಲಗಾರನಿಗೆ ಇದ್ದೇ ಇದೆ. ಆ ಪ್ರಕಟಣೆ ಇನ್ನೂ ಬಂದಿರಲಿಲ್ಲ. ಬ್ಯಾಂಕು ದಂಡಬಡ್ಡಿ ಬಿಟ್ಟಿತು, ಉಳಿದದ್ದಕ್ಕೆ ಕಂತು ಹಾಕಿಕೊಟ್ಟಿತು. ಲೋಕ ಅದಾಲತ್ತಿಗೆ ಕೋರ್ಟ್ ಫೀ ಇಲ್ಲ, ಅಲ್ಲಿ ಆದ ರಾಜಿಯ ಮೇಲೆ ಮೇಲ್ಮನವಿಯೂ ಇಲ್ಲ ಎಂದು ನ್ಯಾಯಾಧೀಶರು ತಿಳಿಸಿ ಹೇಳಿದರು. ಕಾಕಾ ಪೆನ್ನು ಹಿಡಿದು ತಡೆದರು.

“ಸಾಹೇಬ್ರ, ನಾಳೆ ಮನ್ನಾ ಆತಂದ್ರ, ಈ ಕಟ್ಟಿದ ರೊಕ್ಕಾ ವಾಪಸ್ ಕೊಡತಾರೇನ್ರಿ?”

ನ್ಯಾಯಾಧೀಶರು ಕಾಕುವಿನ ಕಡೆ ನೋಡಿದರು. ಕಾಕು ಕಾಕಾರ ಕಡೆ ನೋಡಿದಳು. ಸಹಿ ಬಿತ್ತು.

ಕಂತು ಈಗ ಹೇಗೋ ಸಾಗಿದೆ. ಜಾಮೀನುದಾರನ ಸ್ವಾರ್ಥದಿಂದ ಓದುಗರಲ್ಲಿ ಒಂದು ವಿನಂತಿ. ಬರುವ ಬನದ ಹುಣ್ಣಿಮೆಗೆ ಗುಡ್ಡಕ್ಕೆ ಬರುವವರಿದ್ದರೆ ಉಗರಗೋಳದಲ್ಲಿ ಇಳಿಯಿರಿ. ಎರಡು ಕೋಣೆ ಖಾಲಿ ಇವೆ, ಗೀಸರ್ ಇದೆ, ಮೇಲೆ ತಾಜಾ ಮೆಂತೆ ಇದೆ. ಬಾಡಿಗೆ ಮಾತ್ರ ಕಾಕಾರ ಕೈಗೆ ಕೊಡಬೇಡಿ, ಕಾಕುವಿನ ಕೈಗೇ ಕೊಡಿ.