ಹೊಲಿಗೆ ಮೇಡಂ ಅವರಿಗೊಂದು ಬಹಿರಂಗ ಪತ್ರ

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳ ಮಾನ್ಯ ಹೊಲಿಗೆ ಮೇಡಂ ಅವರಿಗೆ,

ಇತ್ತ ನಾನು ಕ್ಷೇಮ. ತಮ್ಮ ಕ್ಷೇಮ ಕೇಳುವ ಹಾಗಿಲ್ಲ. ತಾವು ಹೋಗಿ ಶತಮಾನವೇ ದಾಟಿದೆ.

ತಮ್ಮ ಪಾಠಕ್ರಮವನ್ನು ಎಷ್ಟು ಹೊಗಳಿದರೂ ಸಾಲದು. ಎಂಟೊಂಬತ್ತು ವರ್ಷದ ಹುಡುಗಿಯ ಕೈಗೆ ಲೇಖನಿ ಕೊಟ್ಟರೆ ಶಾಯಿ ಚೆಲ್ಲುತ್ತಾಳೆ, ಕಾಗದ ದಂಡ. ಸೂಜಿ ಕೊಡಿ: ಎ ಯಿಂದ ಝಡ್‌ವರೆಗೆ ಅಕ್ಷರ, ಆಮೇಲೆ ಅಂಕಿ, ಸಾವನ್ನು ನೆನೆಸುವ ನಾಲ್ಕು ಸಾಲಿನ ಪದ್ಯ, ಕೊನೆಗೆ ತನ್ನ ಹೆಸರು, ವಯಸ್ಸು. ಹೀಗೆ ಹೊಲಿದ ಬಟ್ಟೆಗೆ ಸ್ಯಾಂಪ್ಲರ್ ಎಂದು ಹೆಸರು. ತಮ್ಮ ಕ್ರಾಸ್ ಹೊಲಿಗೆಗೆ ನಮ್ಮ ಧಾರವಾಡದ ಕಡೆ ಮೆಂತಿ ಅನ್ನುತ್ತಾರೆ. ಅಲ್ಲಿಯ ಹೆಂಗಸರು ಸೀರೆಯ ಮೇಲೆ ಗೋಪುರ, ತೇರು ಎಂದು ಕಾಲ ಕಳೆದರು, ಪಾಪ.

ಅಕ್ಷರವಾದರೂ ಯಾತಕ್ಕೆ? ಒಗೆಯಲು ಹಾಕಿದ ದುಪ್ಪಟಿ, ಟವೆಲು ಅದಲುಬದಲಾಗದಂತೆ ಯಜಮಾನರ ಇನಿಷಿಯಲ್ಲು, ನಂಬರು ಹೊಲಿಯುವುದಕ್ಕೆ. ಬ್ರಿಸ್ಟಲ್‌ನ ಮುಲ್ಲರ್ ಅನಾಥಾಲಯದ ಹುಡುಗಿಯರು ಕೆಂಪು ದಾರದಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರಗಳನ್ನು ಸಾಲುಸಾಲಾಗಿ ತುಂಬಿಸಿದ ಬಟ್ಟೆಯೇ ಅವರ ಮಾರ್ಕ್ಸ್ ಕಾರ್ಡು. ಅದನ್ನು ತೋರಿಸಿದರೆ ಮನೆಗೆಲಸ ಸಿಗುತ್ತಿತ್ತು.

ಆದರೂ ಒಂದು ದೂರು ಹೇಳದೆ ಗತಿಯಿಲ್ಲ. ಸಸೆಕ್ಸ್‌ನ ಆಶ್‌ಬರ್ನ್‌ಹ್ಯಾಮಿನ ಎಲಿಜಬೆತ್ ಪಾರ್ಕರ್ ಈ ವಿದ್ಯೆಯನ್ನು ದುರುಪಯೋಗ ಮಾಡಿಕೊಂಡಿದ್ದಾಳೆ. 1830ರ ಸುಮಾರಿಗೆ ಹೊಲಿದ ಬಟ್ಟೆ. ಹೂವಿಲ್ಲ, ಬಳ್ಳಿಯಿಲ್ಲ, ಬರೀ ಕೆಂಪು ಅಕ್ಷರ. ತನಗೆ ಬರೆಯಲು ಬಾರದು, ಅದಕ್ಕೇ ಹೀಗೆ ಎಂದು ಶುರು. ಕೂಲಿಯವನ ಮಗಳಾಗಿ ಹುಟ್ಟಿದ್ದು, ಹದಿಮೂರಕ್ಕೆ ಕೆಲಸಕ್ಕೆ ಸೇರಿದ್ದು, ಮುಂದೆ ಯಜಮಾನನೊಬ್ಬನ ಕೆಟ್ಟ ಬುದ್ಧಿಗೆ ಒಪ್ಪದೆ ಮೆಟ್ಟಿಲಿಂದ ತಳ್ಳಿಸಿಕೊಂಡದ್ದು, ಸಾಯಬೇಕು ಅನ್ನಿಸಿದ್ದು, ಒಂದನ್ನೂ ಬಿಟ್ಟಿಲ್ಲ. ಒಂದೊಂದು ಅಕ್ಷರಕ್ಕೂ ಎಷ್ಟು ಸಲ ಸೂಜಿ ಚುಚ್ಚಬೇಕೆಂದು ತಮಗೆ ನಾನು ಹೇಳಬೇಕೆ? ಆ ಯಜಮಾನನ ಹೆಸರನ್ನು ಮಾತ್ರ ಪೂರ್ತಿ ಹಾಕಿಲ್ಲ. ಬರೀ ‘ಲೆಫ್ಟಿನೆಂಟ್ ಜಿ’. ದುಪ್ಪಟಿಗೆ ಹಾಕುವಂತೆಯೇ, ಗುರುತಿಗೊಂದು ಇನಿಷಿಯಲ್ಲು.

ದುಪ್ಪಟಿಗಳೆಲ್ಲ ಚಿಂದಿಯಾಗಿರಬೇಕು. ಇವಳ ಬಟ್ಟೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ತನ್ನ ಆತ್ಮದ ಗತಿಯೇನು ಎಂದು ಕೇಳುತ್ತಿರುವಾಗಲೇ ಬರಹ ನಿಂತಿದೆ. ಕೆಳಗೆ ಖಾಲಿ ಬಟ್ಟೆ. ಇದಕ್ಕೆ ತಾವು ಎಷ್ಟು ಮಾರ್ಕು ಕೊಡುತ್ತಿದ್ದಿರೋ?

ಇನ್ನೊಂದು ಮಾತು. ಅವಳು ಆಮೇಲೆ ತನ್ನೂರಿನಲ್ಲೇ ಟೀಚರಾದಳಂತೆ. ಮಕ್ಕಳಿಗೆ ಏನು ಹೇಳಿಕೊಟ್ಟಳೋ, ದಯವಿಟ್ಟು ವಿಚಾರಿಸಿ.

ಇಂತಿ ತಮ್ಮ ವಿಧೇಯ,
ಗುಂಡಿ ಹಚ್ಚಲೂ ಬಾರದವನು