ಏಕಗವಾಕ್ಷಿ ಕಟ್ಟುವವರಿಗೊಂದು ಕೈಪಿಡಿ

ಸರ್ಕಾರದ ಸೇವೆಗಳನ್ನೆಲ್ಲ ಒಂದೇ ಜಾಲತಾಣಕ್ಕೆ ತರುವ ಹೊಣೆ ಹೊತ್ತ, ಆದರೆ ಯಾವ ಇಲಾಖೆಯನ್ನೂ ಎದುರು ಹಾಕಿಕೊಳ್ಳಲಾಗದ ಅಧಿಕಾರಿಗಾಗಿ ಈ ಕೈಪಿಡಿ. ಉದಾಹರಣೆಗಳು ಬಹುಪಾಲು ಕೇರಳದವು. ಕರ್ನಾಟಕದವರು ಮೂಗು ಮುರಿಯಬೇಕಿಲ್ಲ. ನೆರೆಯವರು ಈ ದಾರಿಯಲ್ಲಿ ಬಹಳ ದೂರ ನಡೆದಿದ್ದಾರೆ. ಹಾಗಾಗಿ ಅವರು ಬಿದ್ದ ಗುಂಡಿಗಳೂ ಹೆಚ್ಚು, ದಾಟಿದ ಗುಂಡಿಗಳೂ ಹೆಚ್ಚು.

ಹಂತ 1. ಮೊದಲು ಹೆಸರಿಡಿ

ತಂತ್ರಾಂಶ ಆಮೇಲೆ ಬರೆಸಿದರಾಯಿತು. ಹೆಸರಿಡುವುದರಲ್ಲಿ ಎರಡು ಸಂಪ್ರದಾಯಗಳಿವೆ. ಮೊದಲನೆಯದು ಸಕಾರದ ಸಂಪ್ರದಾಯ. 1999ರಲ್ಲಿ ಶುರುವಾದ ಇನ್ಫರ್ಮೇಷನ್ ಕೇರಳ ಮಿಷನ್ ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟ ತಂತ್ರಾಂಶಗಳನ್ನು ನೋಡಿ. ಜನನ-ಮರಣ ನೋಂದಣಿಗೆ ಸೇವನ, ತೆರಿಗೆಗೆ ಸಂಚಯ, ಲೆಕ್ಕಪತ್ರಕ್ಕೆ ಸಾಂಖ್ಯ, ಯೋಜನೆಗಳಿಗೆ ಸುಲೇಖ, ಕಟ್ಟಡ ಪರವಾನಗಿಗೆ ಸಂಕೇತಂ, ಕಡತ ಯಾರ ಮೇಜಿನ ಮೇಲಿದೆ ಎಂದು ಹುಡುಕಲು ಸೂಚಿಕ, ಸಭೆಯ ನಿರ್ಣಯಗಳಿಗೆ ಸಕರ್ಮ. ನಾವೂ ಹಿಂದೆ ಬಿದ್ದಿಲ್ಲ: ಸಕಾಲ, ಸೇವಾ ಸಿಂಧು. ಎರಡನೆಯದರಲ್ಲಿ ಚಂದದ ಇಂಗ್ಲಿಷ್ ಹೆಸರೊಂದನ್ನು ಮೊದಲೇ ಆರಿಸಿಕೊಂಡು, ಅದರ ಒಂದೊಂದು ಅಕ್ಷರಕ್ಕೂ ಒಂದೊಂದು ಪದ ಜೋಡಿಸುವ ಕೆಲಸಕ್ಕೆ ಸಮಿತಿ ಕೂರಿಸಬೇಕು. ತಿರುವನಂತಪುರದ ‘ಫ್ರೆಂಡ್ಸ್’ ಹುಟ್ಟಿದ್ದು ಹೀಗೆ, ಸ್ಥಳೀಯ ಸಂಸ್ಥೆಗಳ ಈಗಿನ ‘ಕೆ-ಸ್ಮಾರ್ಟ್’ ಕೂಡ. ಯಾವ ಸಂಪ್ರದಾಯವಾದರೂ ಸರಿ, ಲೋಗೋದಲ್ಲಿ ಬೆರಳೊಂದು ಪರದೆ ಮುಟ್ಟುತ್ತಿರುವ ಚಿತ್ರ ಕಡ್ಡಾಯ.

ಹಂತ 2. ಕಿಟಕಿ ಒಂದು ಮಾಡಿ, ಗೋಡೆ ಮುಟ್ಟಬೇಡಿ

ಈ ಹಂತವೇ ಕೈಪಿಡಿಯ ಜೀವಾಳ. 2000ದಲ್ಲಿ ತಿರುವನಂತಪುರದಲ್ಲಿ ಮೊದಲ ಫ್ರೆಂಡ್ಸ್ ಕೇಂದ್ರ ತೆರೆದಾಗ ಜನ ಬೆರಗಾದರು. ಕರೆಂಟು ಬಿಲ್ಲು, ನೀರಿನ ಬಿಲ್ಲು, ಫೋನ್ ಬಿಲ್ಲು, ತೆರಿಗೆ, ವಿಶ್ವವಿದ್ಯಾಲಯದ ಶುಲ್ಕ ಎಲ್ಲವನ್ನೂ ಒಂದೇ ಕೌಂಟರಿನಲ್ಲಿ ಕಟ್ಟಬಹುದಿತ್ತು. ಅದರ ಹಿಂದಿನ ಗುಟ್ಟು ಗೊತ್ತೇ? ಇಲಾಖೆಗಳ ಒಳಗೆ ಒಂದು ತಂತಿಯನ್ನೂ ಎಳೆದಿರಲಿಲ್ಲ. ಕೌಂಟರಿನಲ್ಲಿ ಕೂತವರು ಆಯಾ ಇಲಾಖೆಗಳಿಂದಲೇ ನಿಯೋಜನೆಯ ಮೇಲೆ ಬಂದ ನೌಕರರು. ವಸೂಲಿಯ ವಿವರ ಕಾಗದದಲ್ಲಿ ಮುದ್ರಣವಾಗಿ ಇಲಾಖೆಗಳಿಗೆ ಹೋಗುತ್ತಿತ್ತು, ಅಲ್ಲಿ ಯಾರೋ ಅದನ್ನು ಮತ್ತೆ ಲೆಡ್ಜರಿಗೆ ಏರಿಸುತ್ತಿದ್ದರು. ಇಲಾಖೆಗಳು ಗಣಕೀಕರಣಗೊಳ್ಳುವವರೆಗೂ ಕಾಯುತ್ತ ಕೂತಿದ್ದರೆ ಜನ ಇನ್ನೂ ಐದು ಸಾಲಿನಲ್ಲಿ ನಿಲ್ಲಬೇಕಾಗುತ್ತಿತ್ತು ನಿಜ. ಆ ಕಾಲಕ್ಕೆ ಅದು ಜಾಣತನವೇ. ನೀವು ಕಲಿಯಬೇಕಾದದ್ದು ಆ ಜಾಣತನವನ್ನಲ್ಲ, ಅದನ್ನು ಇಪ್ಪತ್ತೈದು ವರ್ಷ ಎಳೆಯುವ ಕಲೆಯನ್ನು.

ಆದ್ದರಿಂದ ನಿಮ್ಮ ಪೋರ್ಟಲಿನ ಮುಖಪುಟದಲ್ಲಿ ಇಲಾಖೆಗೊಂದು ಚಿಹ್ನೆ ಹಾಕಿ. ಒತ್ತಿದರೆ ಆ ಇಲಾಖೆಯ ಹಳೆಯ ಜಾಲತಾಣ ತೆರೆಯಲಿ, ಅಲ್ಲಿ ಹೊಸದಾಗಿ ಲಾಗಿನ್ ಕೇಳಲಿ. ಎಸ್ಟೋನಿಯಾ 2001ರಲ್ಲೇ ಎಕ್ಸ್-ರೋಡ್ ಎಂಬ ವ್ಯವಸ್ಥೆ ಮಾಡಿ, ಒಂದು ಇಲಾಖೆಯ ದಾಖಲೆಯನ್ನು ಇನ್ನೊಂದು ಇಲಾಖೆ ತಾನೇ ಕೇಳಿ ಪಡೆಯುವಂತೆ ಮಾಡಿತು. ಪ್ರಜೆ ಒಮ್ಮೆ ಕೊಟ್ಟ ಮಾಹಿತಿಯನ್ನು ಸರ್ಕಾರ ಮತ್ತೆ ಕೇಳಬಾರದು ಎಂಬುದು ಅಲ್ಲಿನ ನಿಯಮ. ನಮಗೆ ಇದು ಹಿಡಿಸುವುದಿಲ್ಲ. ತಾಲೂಕು ಕಚೇರಿ ಕೊಟ್ಟ ಪ್ರಮಾಣಪತ್ರವನ್ನು ಅದೇ ತಾಲೂಕು ಕಚೇರಿಗೆ ಅಪ್‌ಲೋಡ್ ಮಾಡಿಸದಿದ್ದರೆ ಅರ್ಜಿಗೊಂದು ಘನತೆ ಎಲ್ಲಿಂದ ಬರಬೇಕು? ಫೈಲ್ 200 ಕೆಬಿ ಮೀರಬಾರದು, ಓದಲು ಸ್ಪಷ್ಟವಾಗಿರಬೇಕು. ಎರಡೂ ಒಟ್ಟಿಗೆ ಆಗದಂತೆ ನೋಡಿಕೊಳ್ಳಿ.

ಎಚ್ಚರಿಕೆಗಳು (ಓದದೆ ಮುಂದೆ ಹೋಗಬೇಡಿ)

ಕೆಲವು ಪ್ರಯೋಗಗಳು ಕೈಮೀರಿ ಯಶಸ್ವಿಯಾದ ದಾಖಲೆ ಇದೆ. 2018ರ ನೆರೆಯಲ್ಲಿ ಕೇರಳದ ಸಾವಿರಾರು ಮನೆಗಳ ಕಾಗದಪತ್ರ ಕೊಳೆತು ಹೋದಾಗ ಅದಾಲತ್‌ಗಳನ್ನು ನಡೆಸಿದರು. ಬೇರೆ ಬೇರೆ ಇಲಾಖೆಗಳವರು ಒಂದೇ ಸಭಾಂಗಣದಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕೂತು, ಕಳೆದುಹೋದ ದಾಖಲೆಗಳನ್ನು ತಮ್ಮತಮ್ಮ ಕಡತಗಳಿಂದ ಹುಡುಕಿ ಕೊಟ್ಟರು. ಅಂದರೆ ದಾಖಲೆ ಮೊದಲಿನಿಂದಲೂ ಸರ್ಕಾರದ ಹತ್ತಿರವೇ ಇತ್ತು. ಪ್ರಜೆಯನ್ನು ಜೆರಾಕ್ಸ್ ಅಂಗಡಿಗೆ ಓಡಿಸುವ ಅಗತ್ಯವೇ ಇರಲಿಲ್ಲ ಎಂಬುದು ಆ ದಿನ ಎಲ್ಲರ ಕಣ್ಣಿಗೂ ಬಿತ್ತು. ಇಂಥ ಗೋಷ್ಠಿಗಳನ್ನು ಪ್ರೋತ್ಸಾಹಿಸಬೇಡಿ.

2021ರಲ್ಲಿ ಇನ್ನೊಂದು ಎಡವಟ್ಟು. ಏಕಗವಾಕ್ಷಿ ಪೋರ್ಟಲಿಗೆ ಕೈ ಹಾಕುವುದರ ಜೊತೆಗೇ ಕೇರಳ ಸರ್ಕಾರ ಅರ್ಜಿಗಳಿಗೂ ಕತ್ತರಿ ಹಾಕಿತು. ಹಲವು ಸೇವೆಗಳ ಅರ್ಜಿ ಶುಲ್ಕ ಹೋಯಿತು, ಗೆಜೆಟೆಡ್ ಅಧಿಕಾರಿಯ ದೃಢೀಕರಣದ ಬದಲು ಸ್ವಯಂ ದೃಢೀಕರಣ ಸಾಕು ಎಂದರು. ಕೇರಳದಲ್ಲಿ ಹುಟ್ಟಿದವರಿಗೂ ಐದು ವರ್ಷ ಅಲ್ಲಿ ಓದಿದವರಿಗೂ ಸ್ಥಳೀಯತೆ ತೋರಿಸಲು ಬೇರೆ ಪ್ರಮಾಣಪತ್ರವೇ ಬೇಡವೆಂದರು. ಯೋಚಿಸಿ, ಸೇವೆಯನ್ನೇ ಕಿತ್ತುಹಾಕಿದರೆ ಆನ್‌ಲೈನ್‌ಗೆ ತರಲು ಏನು ಉಳಿಯುತ್ತದೆ? ‘ಐನೂರಕ್ಕೂ ಹೆಚ್ಚು ಸೇವೆಗಳು ಒಂದೇ ಕಡೆ’ ಎಂದು ಹೇಳಿಕೊಳ್ಳಬೇಕಾದರೆ ಮೊದಲು ಐನೂರು ಸೇವೆಗಳನ್ನು ಜೋಪಾನ ಮಾಡಬೇಕು.

ಹಂತ 3. ಹೆಸರು ಹೊಂದಿಕೆ

ಮಂಜೇಶ್ವರದ ಕಡೆಯ ಒಬ್ಬ ನಾರಾಯಣರನ್ನು ಕಲ್ಪಿಸಿಕೊಳ್ಳಿ. ಶಾಲೆಯ ದಾಖಲೆಯಲ್ಲಿ ಅವರು ಕೆ. ನಾರಾಯಣ. ಆಧಾರ್‌ನಲ್ಲಿ ಅಕ್ಷರ ಹಿಂದುಮುಂದಾಗಿ ನಾರಾಯಣ ಕೆ. ಜಾಗದ ಪತ್ರದಲ್ಲಿ ನಾರಾಯಣ ಪೂಜಾರಿ. ರೇಶನ್ ಕಾರ್ಡು ಬರೆದ ಪುಣ್ಯಾತ್ಮ ತನ್ನ ಮಲಯಾಳಂ ಕಿವಿಗೆ ಒಗ್ಗುವಂತೆ ಕೊನೆಗೊಂದು ‘ನ್’ ಸೇರಿಸಿ ನಾರಾಯಣನ್ ಎಂದು ಮಾಡಿದ್ದಾರೆ. ಮುಂದೆ ಮನೆತನದ ಹೆಸರು ಇರಬೇಕಾದ ಜಾಗದಲ್ಲಿ ಅವರ ಅಪ್ಪನ ಹೆಸರಿದೆ. ಊರಿನಲ್ಲಿ ಯಾರಿಗೂ ಈ ಬಗ್ಗೆ ಗೊಂದಲವಿಲ್ಲ. ವಿಲ್ಲೇಜ್ ಆಫೀಸಿನವರಿಗೂ ಇಲ್ಲ, ಏಕೆಂದರೆ ನಾರಾಯಣರು ಎದುರಿಗೇ ನಿಂತಿರುತ್ತಾರೆ.

ಪೋರ್ಟಲಿಗೆ ಮಾತ್ರ ಇವರು ನಾಲ್ವರು. ಅದಕ್ಕೂ ಪರಿಹಾರವಿದೆ. ಕೇರಳದ ಇ-ಡಿಸ್ಟ್ರಿಕ್ಟ್ ಸೇವೆಗಳ ಪಟ್ಟಿಯಲ್ಲಿ ‘ಒನ್ ಆ್ಯಂಡ್ ದ ಸೇಮ್’ ಎಂಬ ಪ್ರಮಾಣಪತ್ರವಿದೆ. ಇವರೂ ಅವರೂ ಒಬ್ಬರೇ ಎಂದು ಸರ್ಕಾರವೇ ಬರೆದುಕೊಡುತ್ತದೆ. ತಮಾಷೆ ಮಾಡುತ್ತಿಲ್ಲ, ಬಹಳ ಜನರಿಗೆ ಬೇಕಾಗುವ ಕಾಗದ ಅದು. ಅದ್ವೈತ ಸಾರಿದ ಶಂಕರರು ಹುಟ್ಟಿದ ಕಾಲಡಿ ಕೇರಳದಲ್ಲೇ ಇದೆ ಎಂಬುದನ್ನು ನೆನೆದರೆ ಈ ಸೇವೆಯ ಘನತೆ ಇನ್ನೂ ಹೆಚ್ಚುತ್ತದೆ. ವಿನ್ಯಾಸಕಾರರಾಗಿ ನಿಮ್ಮ ಕೆಲಸ ಇಷ್ಟೆ: ಈ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವ ಮುಂಚೆಯೇ ನಾಲ್ಕೂ ದಾಖಲೆಗಳಲ್ಲಿ ಹೆಸರು ಒಂದೇ ಆಗಿರಬೇಕು ಎಂದು ಷರತ್ತು ಹಾಕಿ.

ಹಂತ 4. ಭಾಷೆ

ಮೇಲ್ಗಡೆ ಬಲಮೂಲೆಯಲ್ಲಿ ಒಂದು ಬಟನ್ ಇಡಿ. ಅದನ್ನು ಒತ್ತಿದರೆ ಶೀರ್ಷಿಕೆ ಬದಲಾಗಲಿ, ಅರ್ಜಿ ಬದಲಾಗದಿರಲಿ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದ ಜೊತೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡುವ ಅವಕಾಶ ಕೊಟ್ಟಿತು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದಿತು. ಕಾಯಿದೆ ಬರೆದ ಕಾಲಕ್ಕೆ ಪತ್ರ ಎಂದರೆ ಕಾಗದ. ಡ್ರಾಪ್‌ಡೌನ್ ಪಟ್ಟಿ ಪತ್ರವೇ ಅಲ್ಲವೇ ಎಂಬ ಪ್ರಶ್ನೆಯನ್ನು ಕಾಸರಗೋಡಿನವರು ಎತ್ತಿಯಾರು. ವಂದೇ ಭಾರತ್ ಹತ್ತಿದರೂ ಅಲ್ಲಿಂದ ತಿರುವನಂತಪುರಕ್ಕೆ ಸುಮಾರು ಎಂಟು ಗಂಟೆ. ಅಷ್ಟು ದೂರದ ದನಿ ಸಭೆಗೆ ತಲುಪುವಷ್ಟರಲ್ಲಿ ಟೆಂಡರ್ ಮುಗಿದಿರುತ್ತದೆ.

ಹಂತ 5. ಉದ್ಘಾಟನೆ

ದಿನ ಗೊತ್ತು ಮಾಡಿ. ಕೆ-ಸ್ಮಾರ್ಟ್‌ಗೆ 2024ರ ಜನವರಿ 1ರಂದು ಕೊಚ್ಚಿಯಲ್ಲಿ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಚಾಲನೆ ಕೊಟ್ಟರು. ಮೊದಲಿಗೆ 6 ಮಹಾನಗರಪಾಲಿಕೆ, 87 ನಗರಸಭೆಗಳು. ಗ್ರಾಮ ಪಂಚಾಯಿತಿಗಳಿಗೆ ಅದು ತಲುಪಿದ್ದು 2025ರ ಏಪ್ರಿಲ್‌ನಲ್ಲಿ. ನಡುವಿನ ಅವಧಿಯಲ್ಲಿ ಅಲ್ಲಿ ಐಎಲ್‌ಜಿಎಂಎಸ್ ಎಂಬ ಬೇರೆ ವ್ಯವಸ್ಥೆ ನಡೆಯುತ್ತಿತ್ತು. ನಗರಸಭೆಯ ಗಡಿ ದಾಟಿದರೆ ಬೇರೆ ಪರದೆ.

ಇಲ್ಲಿ ಒಂದು ಮಾತು ಕೈಪಿಡಿಯ ಧೋರಣೆ ಬಿಟ್ಟು ಹೇಳಬೇಕು. ಕೆ-ಸ್ಮಾರ್ಟ್ ನಮ್ಮ ಹಂತ 2ನ್ನು ಪಾಲಿಸಿಲ್ಲ. ಹಳೆಯ ಸಕಾರದ ತಂತ್ರಾಂಶಗಳ ಮೇಲೆ ಬಣ್ಣ ಬಳಿಯದೆ, ನೋಂದಣಿ, ತೆರಿಗೆ, ಪರವಾನಗಿ, ಕಡತ, ಲೆಕ್ಕ ಎಲ್ಲವನ್ನೂ ಒಂದೇ ಕಡೆ ಹೊಸದಾಗಿ ಕಟ್ಟಲು ಹೊರಟಿದೆ. ಮದುವೆ ನೋಂದಣಿಗೆ ಗಂಡ ಹೆಂಡತಿ ಇಬ್ಬರೂ ರಜೆ ಹಾಕಿ ಕಚೇರಿಗೆ ಬರಬೇಕಿಲ್ಲ, ವೀಡಿಯೊ ಕೆವೈಸಿ ಸಾಕು. ಗಂಡ ದುಬೈಯಲ್ಲಿ, ಹೆಂಡತಿ ಆಲುವಾದಲ್ಲಿ ಇರುವ ರಾಜ್ಯದಲ್ಲಿ ಇದು ಸಣ್ಣ ಉಪಕಾರವಲ್ಲ. ಹೊಸದರಲ್ಲಿ ತೊಡಕುಗಳು ಇರಲಿಲ್ಲವೆಂದಲ್ಲ. ಆದರೆ ತಪ್ಪು ಕಡೆ ಬೆವರು ಸುರಿಸುವುದಕ್ಕಿಂತ ಸರಿಯಾದ ಕಡೆ ಎಡವುವುದು ಮೇಲು.

ಜೊತೆಗೆ ಬರುವ ಬಿಡಿಭಾಗ: ಅಕ್ಷಯ

ಪೆಟ್ಟಿಗೆಯ ಮೇಲೆ ಇದರ ಚಿತ್ರವಿರುವುದಿಲ್ಲ, ಆದರೆ ಇದಿಲ್ಲದೆ ಯಂತ್ರ ಓಡದು. 2002ರಲ್ಲಿ ಮಲಪ್ಪುರಂನಲ್ಲಿ ಅಕ್ಷಯ ಯೋಜನೆ ಶುರುವಾದಾಗ ಮನೆಗೊಬ್ಬರಿಗೆ ಕಂಪ್ಯೂಟರ್ ಕಲಿಸುವುದು ಗುರಿ. ಮನೆಗೊಬ್ಬರು ಕಲಿತರು. 2025ರ ಆಗಸ್ಟ್‌ನಲ್ಲಿ ಇಡೀ ರಾಜ್ಯವನ್ನೇ ಸಂಪೂರ್ಣ ಡಿಜಿಟಲ್ ಸಾಕ್ಷರ ಎಂದು ತಿರುವನಂತಪುರದಲ್ಲಿ ಘೋಷಿಸಿಯೂ ಆಯಿತು. ಆದರೂ ಅರ್ಜಿ ಹಾಕಬೇಕಾದಾಗ ಜನ ಇವತ್ತಿಗೂ ಹೋಗುವುದು ಅಕ್ಷಯ ಕೇಂದ್ರಕ್ಕೇ.

ಪಿಂಚಣಿಯ ಮಸ್ಟರಿಂಗ್ ಕಾಲದಲ್ಲಿ ಯಾವುದಾದರೂ ಕೇಂದ್ರದ ಬಾಗಿಲಲ್ಲಿ ನಿಂತು ನೋಡಿ. ತಾವಿನ್ನೂ ಬದುಕಿದ್ದೇವೆ ಎಂದು ಹೆಬ್ಬೆಟ್ಟೊತ್ತಿ ತೋರಿಸಲು ಬಂದ ಹಿರಿಯರ ಸಾಲು ಮೆಟ್ಟಿಲವರೆಗೆ ಇರುತ್ತದೆ. ಮೇಜಿನ ಮೇಲೆ ಬೆರಳಚ್ಚಿನ ಯಂತ್ರ, ಪಕ್ಕದಲ್ಲಿ ಒದ್ದೆ ಬಟ್ಟೆ. ಬೀಡಿ ಕಟ್ಟಿ ಕಟ್ಟಿ ಸವೆದ ಬೆರಳನ್ನು ಯಂತ್ರ ಒಪ್ಪುವುದಿಲ್ಲ. “ಅಜ್ಜೀ, ಒಮ್ಮೆ ಒರಸಿ ಒತ್ತಿ. ಇದಲ್ಲ, ಉಂಗುರದ ಬೆರಳು” ಎನ್ನುತ್ತಾಳೆ ಕುರ್ಚಿಯಲ್ಲಿರುವ ಹುಡುಗಿ. ಕನ್ನಡದವರಿಗೆ ಕನ್ನಡ, ತುಳುವರಿಗೆ ತುಳು, ಉಳಿದವರಿಗೆ ಮಲಯಾಳಂ. ಅಜ್ಜಿಯ ಹತ್ತಿರ ಮೊಬೈಲಿಲ್ಲದಿದ್ದರೆ ಯಾರ ನಂಬರಿಗೆ ಒಟಿಪಿ ಬರುತ್ತದೆ ಎಂದು ಅವಳಿಗೆ ಗೊತ್ತು: ಮಗ ಗಲ್ಫಿನಲ್ಲಿ, ಸೊಸೆಯ ನಂಬರು ಬದಲಾಗಿದೆ, ಪಕ್ಕದ ಮನೆಯ ಹುಡುಗ ಸಂಜೆ ಸಿಗುತ್ತಾನೆ. ಯಾವ ಜಾಲತಾಣ ಹಗಲು ಸತ್ತು ರಾತ್ರಿ ಹನ್ನೊಂದಕ್ಕೆ ಎದ್ದೇಳುತ್ತದೆ, ಯಾವ ಕಾಲಂ ಖಾಲಿ ಬಿಟ್ಟರೆ ನಡೆಯುತ್ತದೆ, ಯಾವ ಕಚೇರಿಯಲ್ಲಿ ಯಾವ ವಾರ ಸಹಿ ಹಾಕುವವರಿಲ್ಲ, ಎಲ್ಲವೂ ಅವಳ ತಲೆಯಲ್ಲಿದೆ. ಕಂದಾಯ, ಪಂಚಾಯತು, ನಾಗರಿಕ ಪೂರೈಕೆ, ಸಾರಿಗೆ ಎಲ್ಲ ಒಂದಾಗಿರುವ ಏಕೈಕ ಜಾಗ ಸದ್ಯಕ್ಕೆ ಅದು. ಇಷ್ಟಕ್ಕೆಲ್ಲ ಮಸ್ಟರಿಂಗ್‌ಗೆ ಸಿಗುವುದು 30 ರೂಪಾಯಿ. ಏಳಲಾಗದವರ ಮನೆಗೇ ಹೋದರೆ 50.

ಈಕೆಗೆ ಪೋರ್ಟಲಿನಲ್ಲಿ ಲಾಗಿನ್ ಕೊಡಿ. ತರಬೇತಿಗೆ ಕರೆಸಿ, ಊಟ ಕೊಟ್ಟು ಪ್ರಮಾಣಪತ್ರ ಕೊಡಿ. ವಿನ್ಯಾಸದ ಸಭೆಗೆ ಮಾತ್ರ ಕರೆಯಬೇಡಿ. ಕರೆದಿರೋ, ಸಲಹೆಗಾರರ ಸ್ಲೈಡ್‌ಗಳೆಲ್ಲ ಮುಗಿಯುವವರೆಗೆ ಸುಮ್ಮನೆ ಕೂತು, ಆಮೇಲೆ ಕೈ ಎತ್ತಿ ಕೇಳುತ್ತಾಳೆ: “ಸಾರ್, ಹದಿನಾಲ್ಕನೇ ಕಾಲಂನಲ್ಲಿ ತಪ್ಪಾಯಿತೆಂದು ಹಿಂದಕ್ಕೆ ಹೋದರೆ ಮೊದಲ ಹದಿಮೂರೂ ಯಾಕೆ ಅಳಿಸಿಹೋಗುತ್ತವೆ?” ಇದಕ್ಕೆ ಉತ್ತರ ಅಜೆಂಡಾದಲ್ಲಿ ಇರುವುದಿಲ್ಲ.