ಖಾಲಿ ಪೊಟ್ಟಣದ ಮಹಿಮೆ

ನಮ್ಮ ಮನೆಯಲ್ಲಿ ಈಚೆಗೆ ನಾಸ್ತಿಕತೆ ತಲೆಯೆತ್ತಿದೆ. ದೇವರ ವಿಷಯದಲ್ಲಾಗಿದ್ದರೆ ನಾನು ಇಷ್ಟು ಕಂಗಾಲಾಗುತ್ತಿರಲಿಲ್ಲ. ದೇವರಿಗೆ ತನ್ನನ್ನು ತಾನು ನೋಡಿಕೊಳ್ಳುವ ಶಕ್ತಿಯಿದೆ. ಇದು ದಿನಸಿಯ ವಿಷಯ. ಹೋದ ತಿಂಗಳು ಸೂಪರ್ ಮಾರ್ಕೆಟ್ಟಿನಲ್ಲಿ ನನ್ನ ಹೆಂಡತಿ ಒಂದು ಕೈಯಲ್ಲಿ ನಾವು ವರ್ಷಗಟ್ಟಲೆ ತರುತ್ತಿದ್ದ ಹೆಸರಾಂತ ಉಪ್ಪಿನ ಪೊಟ್ಟಣ, ಇನ್ನೊಂದು ಕೈಯಲ್ಲಿ ಆ ಅಂಗಡಿಯವರದೇ ಹೆಸರಿನ ಪೊಟ್ಟಣ ಹಿಡಿದು, ‘ರೀ, ಉಪ್ಪು ಉಪ್ಪೇ ಅಲ್ವಾ? ಇದು ಹತ್ತು ರೂಪಾಯಿ ಕಮ್ಮಿ ಇದೆ’ ಎಂದಳು. ಮೆಲ್ಲಗೂ ಹೇಳಲಿಲ್ಲ. ನಮ್ಮ ಬೀದಿಯವರೇ ಇಬ್ಬರು ಸೋಪಿನ ಸಾಲಿನಲ್ಲಿ ನಿಂತಿದ್ದರು. ನಾನು ಟ್ರಾಲಿಯನ್ನು ಸರಸರ ಮುಂದಕ್ಕೆ ತಳ್ಳಿದೆ.

ದುಬಾರಿ ಬ್ರ್ಯಾಂಡುಗಳ ಪರವಾಗಿ ನಾಲ್ಕು ಮಾತು ಬರೆಯಬೇಕೆಂದು ಅವತ್ತೇ ತೀರ್ಮಾನಿಸಿದೆ. ಪಾಪ, ಅವುಗಳ ಪರ ಮಾತಾಡುವವರು ಈ ನಾಡಿನಲ್ಲಿ ಯಾರೂ ಇಲ್ಲ. ಟೀವಿ, ಪತ್ರಿಕೆ, ಕ್ರಿಕೆಟ್ ಪಂದ್ಯ, ಬಸ್ಸಿನ ಬೆನ್ನು ಮತ್ತು ಸಿನಿಮಾ ನಟರನ್ನು ಬಿಟ್ಟರೆ.

ಉಪ್ಪಿನಿಂದಲೇ ಶುರುಮಾಡೋಣ. ನಾನು ಚಿಕ್ಕವನಿದ್ದಾಗ ನಮ್ಮೂರ ಶೆಟ್ಟರು ರಾತ್ರಿ ಅಂಗಡಿ ಮುಚ್ಚುವಾಗ ಅಕ್ಕಿ, ಬೆಲ್ಲ, ಕಡಲೆಕಾಯಿ ಎಲ್ಲವನ್ನೂ ಒಳಗೆಳೆದುಕೊಂಡು ಬೀಗ ಹಾಕುತ್ತಿದ್ದರು. ಹೊರಗೆ ಜಗಲಿಯ ಮೇಲೆ ಉಳಿಯುತ್ತಿದ್ದದ್ದು ಕಲ್ಲುಪ್ಪಿನ ಮೂಟೆ ಒಂದೇ. ಕಳ್ಳನೂ ಮುಟ್ಟದ ವಸ್ತು ಅದು. ಅಂಥ ಅನಾಥ ಪದಾರ್ಥಕ್ಕೆ ಕುಲಗೋತ್ರ ಕೊಟ್ಟವರು ಯಾರು? 1983ರಲ್ಲಿ ಟಾಟಾ ಸಾಲ್ಟ್ ಬಂತು. ಅಯೋಡಿನ್ ಬೆರೆತ ಪುಡಿಯುಪ್ಪು ಪೊಟ್ಟಣದೊಳಗೆ ಕೂತು ಮನೆಮನೆಗೆ ಬಂತು. ಗಳಗಂಡ ರೋಗಕ್ಕೆ ಅದರಿಂದ ಕಡಿವಾಣ ಬಿತ್ತೆಂಬುದನ್ನು ನಾಸ್ತಿಕರೂ ಒಪ್ಪುತ್ತಾರೆ. ಆದರೆ ಒಳ್ಳೆಯದು ಒಬ್ಬರ ಹತ್ತಿರವೇ ಇರಲಿ ಎಂಬ ದೊಡ್ಡಮನಸ್ಸು ಸರ್ಕಾರಕ್ಕೆಲ್ಲಿದೆ? ಅಯೋಡಿನ್ ಉಪ್ಪು ಎಂದು ಮಾರಬೇಕಾದರೆ, ತೇವ ಕಳೆದು ತೂಗಿದಾಗ 100ಕ್ಕೆ 96 ಪಾಲಾದರೂ ಸೋಡಿಯಂ ಕ್ಲೋರೈಡ್ ಇರಬೇಕು. ಅಂಗಡಿಯ ಹಂತದಲ್ಲಿ ಅಯೋಡಿನ್ ಹತ್ತು ಲಕ್ಷಕ್ಕೆ 15 ಭಾಗಕ್ಕಿಂತ ಕಡಿಮೆ ಇರಕೂಡದು ಎಂದು ನಿಯಮ ಮಾಡಿಬಿಟ್ಟಿದ್ದಾರೆ. ಹತ್ತು ರೂಪಾಯಿ ಹೆಚ್ಚು ಕೊಟ್ಟವನಿಗೂ ಅದೇ ನಿಯಮ, ಕೊಡದವನಿಗೂ ಅದೇ. ಉಳಿದ 4 ಪಾಲಿನಲ್ಲಿ ಒಬ್ಬ ಮನುಷ್ಯ ತನ್ನ ಮಾನವನ್ನು ಎಷ್ಟು ತಾನೇ ಉಳಿಸಿಕೊಂಡಾನು?

ಅದಕ್ಕೇ ಮಾನ ಒಳಗಿರುವುದಿಲ್ಲ, ಪೊಟ್ಟಣದ ಮೇಲಿರುತ್ತದೆ. ಇದನ್ನು ನನ್ನ ಹೆಂಡತಿಗೆ ಬಿಡಿಸಿ ಹೇಳಿದೆ. ಅವಳು ಕನ್ನಡಕ ಏರಿಸಿಕೊಂಡು ಪೊಟ್ಟಣವನ್ನು ತಿರುಗಿಸಿ ಹಿಂದುಗಡೆ ಓದತೊಡಗಿದಳು. ಇದು ಸಭ್ಯರ ಲಕ್ಷಣವಲ್ಲ. ಮುಂದುಗಡೆ ಹಸಿರು ಹೊಲ, ನಗುವ ತಾಯಿ, ಬಂಗಾರದ ಅಕ್ಷರ ಇಷ್ಟೆಲ್ಲ ಖರ್ಚು ಮಾಡಿ ಹಾಕಿರುವಾಗ, ಹಿಂದೆ ಇರುವೆ ಸಾಲಿನಂತೆ ಅಚ್ಚಾದ ‘ತಯಾರಿಸಿದವರು’, ‘ಪ್ಯಾಕ್ ಮಾಡಿದವರು’, ‘ಮಾರುವವರು’ ಎಂಬುದನ್ನೆಲ್ಲ ಓದುವುದು ಮದುವೆಮನೆಯಲ್ಲಿ ಹುಡುಗಿಯನ್ನು ಬಿಟ್ಟು ಅಡುಗೆಯವರ ವಿಳಾಸ ಕೇಳಿದ ಹಾಗೆ. ಅವಳ ಕೈಗೆ ಆ ದಿನ ಎರಡು ಅವಲಕ್ಕಿ ಪೊಟ್ಟಣ ಸಿಕ್ಕಿದವು. ಒಂದು ಹೆಸರು ಮಾಡಿದ್ದು, ಇನ್ನೊಂದು ಅಂಗಡಿಯದು. ಆಹಾರ ಪರವಾನಗಿಯ 14 ಅಂಕಿಗಳನ್ನು ಬೆರಳಿಟ್ಟು ಓದಿ, ‘ಇಲ್ನೋಡಿ, ಹದಿನಾಲ್ಕೂ ಒಂದೇ. ಒಂದೇ ಮಿಲ್ಲು’ ಎಂದಳು.

‘ಒಂದೇ ಹೊಟ್ಟೇಲಿ ಹುಟ್ಟಿದೋರೆಲ್ಲ ಒಂದೇ ಆಗ್ತಾರೇನೇ? ನನ್ನ ತಮ್ಮನ್ನ ನೋಡು’ ಎಂದೆ. ಅವಳು ನನ್ನನ್ನೂ ಒಮ್ಮೆ ನೋಡಿ ಸುಮ್ಮನಾದಳು.

ಇಲ್ಲಿ ಒಂದು ಧರ್ಮಸೂಕ್ಷ್ಮವೂ ಇದೆ. ತಿಂದ ಉಪ್ಪಿನ ಋಣ ತೀರಿಸಬೇಕು ಎಂದು ಕೇಳಿ ಬೆಳೆದವರು ನಾವು. ಮಾಡಿದವರು ಒಬ್ಬರು, ಕಟ್ಟಿದವರು ಇನ್ನೊಬ್ಬರು, ಮಾರಿದವರು ಮೂರನೆಯವರು ಎಂದಾದರೆ ಋಣ ಯಾರದು? ದೊಡ್ಡ ಹೆಸರಿನ ಪೊಟ್ಟಣದಲ್ಲಾದರೆ ಈ ಗೊಂದಲವಿಲ್ಲ. ಹೆಚ್ಚೆಂದರೆ ಋಣ ಸ್ವಲ್ಪ ದೂರ ಹೋಗುತ್ತದೆ ಅಷ್ಟೆ. ಮಾವಳ್ಳಿ ಟಿಫಿನ್ ರೂಮ್ ಹುಟ್ಟಿದ್ದು 1924ರಲ್ಲಿ, ಲಾಲ್‌ಬಾಗಿನ ಮಗ್ಗುಲಲ್ಲಿ. ಎಂಟಿಆರ್ ಪೊಟ್ಟಣದ ವ್ಯವಹಾರವನ್ನು 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಕಂಪನಿ ಕೊಂಡುಕೊಂಡಿತು. ನಾನು ದಿನವೂ ಸಾರುಪುಡಿ ಹಾಕಿಸಿಕೊಂಡು ಉಣ್ಣುವಾಗ ಉತ್ತರ ದಿಕ್ಕಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ವಿಶ್ವಮಾನವನಾಗಲು ಇಷ್ಟು ಅಗ್ಗದ ದಾರಿ ಬೇರೆ ಇದ್ದಂತಿಲ್ಲ.

ಅಂಗಡಿಯವರೇ ತಮ್ಮ ಹೆಸರಿನಲ್ಲಿ ಸಾಮಾನು ಮಾರುವುದು ಏನೋ ಹೊಸ ಕ್ರಾಂತಿಯೆಂದು ನನ್ನ ಮಗಳು ವಾದಿಸುತ್ತಾಳೆ. ನಾನು ಒಪ್ಪುವುದಿಲ್ಲ. ನಮ್ಮೂರ ಶೆಟ್ಟರು ಇದನ್ನೇ ಮಾಡುತ್ತಿದ್ದರು. ಹಳೆಯ ಪತ್ರಿಕೆಯನ್ನು ಸುರುಳಿ ಸುತ್ತಿ, ಬೇಳೆ ಸುರಿದು, ಮೇಲೆ ಮಡಚಿ, ತಲೆಯ ಮೇಲೆ ತೂಗುತ್ತಿದ್ದ ನೂಲುಂಡೆಯಿಂದ ದಾರ ಎಳೆದು ಎರಡು ಸುತ್ತು ಕಟ್ಟಿದರೆ ಅದೇ ಬ್ರ್ಯಾಂಡು. ಮನೆಗೆ ಬಂದು ಬಿಚ್ಚಿದರೆ ಬೇಳೆಯ ಜೊತೆಗೆ ಆರು ತಿಂಗಳ ಹಿಂದಿನ ಅರ್ಧ ಸುದ್ದಿಯೂ ಸಿಗುತ್ತಿತ್ತು. ಬೇಳೆಯಲ್ಲಿ ಕಲ್ಲು ಬಂದರೆ ಅಮ್ಮ ನೇರ ಅಂಗಡಿಗೆ ಹೋಗಿ ಶೆಟ್ಟರ ಮುಂದೆಯೇ ಸುರಿದು ಬರುತ್ತಿದ್ದಳು. ಗ್ರಾಹಕ ಸೇವೆಯ ಸಂಖ್ಯೆಗೆ ಕರೆ ಮಾಡಿ ‘ಕನ್ನಡಕ್ಕಾಗಿ ಎರಡನ್ನು ಒತ್ತಿ’ ಎಂಬ ಹೆಣ್ಣುದನಿಯನ್ನು ಕೇಳುವ ಭಾಗ್ಯ ಅವಳಿಗಿರಲಿಲ್ಲ.

ಈಗಿನ ಅಂಗಡಿ ಬ್ರ್ಯಾಂಡುಗಳು ಹವಾನಿಯಂತ್ರಿತ ಶೆಟ್ಟರು. ಆದರೆ ಅವರಿಗೂ ನನ್ನ ತತ್ವ ನಿಧಾನವಾಗಿ ಮನದಟ್ಟಾಗುತ್ತಿದೆ. ಡಿಮಾರ್ಟ್‌ನವರು ತಮ್ಮದಕ್ಕೆ ಪ್ರೀಮಿಯಾ ಎಂದು ಹೆಸರಿಟ್ಟಿದ್ದಾರೆ. ಬಿಗ್‌ಬಾಸ್ಕೆಟ್‌ನವರು ಒಂದಕ್ಕೆ ಬಿಬಿ ರಾಯಲ್, ಇನ್ನೊಂದಕ್ಕೆ ಬಿಬಿ ಪಾಪ್ಯುಲರ್ ಎಂದಿದ್ದಾರೆ. ನೋಡಿ, ಬಡವರ ಮನೆಯಲ್ಲೂ ಪಂಕ್ತಿಭೇದ ಬಂತು. ಅರಮನೆಯ ಬೇಳೆ ಬೇರೆ, ಪ್ರಜೆಗಳ ಬೇಳೆ ಬೇರೆ. ನಾಸ್ತಿಕರ ಗುಂಪಿನಲ್ಲೂ ಕೊನೆಗೊಬ್ಬ ಪೂಜಾರಿ ಬೇಕೇಬೇಕು.

ತೊಗರಿಬೇಳೆಯ ಮಾತು ಬಂದಾಗ ನಾನು ಕೊಂಚ ಭಾವುಕನಾಗುತ್ತೇನೆ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಆ ಕಪ್ಪು ಮಣ್ಣಿನ ಬೇಳೆಯ ರುಚಿ, ಬೇಯುವ ಗುಣ ಎರಡೂ ಬೇರೆಯೇ. ಇದು ಮಣ್ಣಿನ ಹೆಸರು, ಕಂಪನಿಯದಲ್ಲ, ಹಾಗಾಗಿ ನನಗೆ ಇದರಲ್ಲಿ ಆಸಕ್ತಿ ಕಡಿಮೆ. ನನ್ನನ್ನು ಬೆರಗುಗೊಳಿಸಿದ್ದು ಪಾಲಿಶ್ ಮಾಡದ ಬೇಳೆ. ಮಿಲ್ಲಿನಲ್ಲಿ ನೀರೋ ಎಣ್ಣೆಯೋ ಸೋಕಿಸಿ, ಉಜ್ಜಿ, ಹೊಳಪು ಬರಿಸಿದ ಬೇಳೆಗೆ ಒಂದು ಬೆಲೆ. ಆ ಕೆಲಸವನ್ನು ಮಾಡದೆ ಬಿಟ್ಟದ್ದಕ್ಕೆ ಅದಕ್ಕಿಂತ ಹೆಚ್ಚಿನ ಬೆಲೆ! ಮಾಡದ ಕೆಲಸಕ್ಕೆ ಹೆಚ್ಚು ಸಂಬಳ ಏಕೆಂದು ನನ್ನ ಹೆಂಡತಿ ಕೇಳಿದಳು. ಮೂವತ್ತೈದು ವರ್ಷ ಕಚೇರಿಯಲ್ಲಿ ಕೂತು ಬಂದವನನ್ನು ಕೇಳುವ ಪ್ರಶ್ನೆಯೇ ಇದು?

ಹೀಗೆ ಮನೆಯಲ್ಲಿ ಮಾತಿಗೆ ಮಾತು ಬೆಳೆಯುತ್ತಿರುವಾಗ ಮಗಳು ನಾಲ್ಕು ದಿನಕ್ಕೆಂದು ತವರಿಗೆ ಬಂದಳು. ‘ಅಪ್ಪ, ಕಣ್ಣು ಕಟ್ಟಿ ರುಚಿ ನೋಡು, ಇತ್ಯರ್ಥ ಮಾಡೋಣ’ ಎಂದಳು. ಬಟ್ಟಲುಗಳ ತಳಕ್ಕೆ ಹಣೆಬೊಟ್ಟು ಅಂಟಿಸಿದಳು; ದುಬಾರಿಗೆ ಕೆಂಪು, ಅಂಗಡಿಯದಕ್ಕೆ ಕಪ್ಪು. ಮೊದಲು ಎರಡು ರವೆಯ ಉಪ್ಪಿಟ್ಟು. ನಾನು ಒಂದನ್ನು ಬಾಯಿಗಿಟ್ಟ ಕೂಡಲೇ ‘ಇದೇ ನೋಡು ಕುಲೀನ ರವೆ’ ಎಂದೆ. ಬಟ್ಟಲು ಎತ್ತಿದರೆ ಕಪ್ಪು ಬೊಟ್ಟು. ಆಮೇಲೆ ಸಾರು ಮೂರು ಬಟ್ಟಲು. ಮೊದಲನೆಯದು ನೀರು ನೀರು, ಎರಡನೆಯದು ಪರವಾಗಿಲ್ಲ, ಮೂರನೆಯದು ಮಾತ್ರ ಬ್ರ್ಯಾಂಡ್ ಎಂದು ತೀರ್ಪಿತ್ತೆ. ಮೂರನ್ನೂ ಒಂದೇ ಪಾತ್ರೆಯಿಂದ ಬಡಿಸಿದ್ದಳು. ಹೆತ್ತ ತಂದೆಗೆ!

ನಾನು ಎದೆಗುಂದಲಿಲ್ಲ. ಇದರಿಂದ ಸಾಬೀತಾದದ್ದು ಒಂದೇ: ನಾಲಿಗೆಯನ್ನು ನಂಬಬಾರದು. ರುಚಿ ಇರುವುದು ಕಣ್ಣಿನಲ್ಲಿ, ಅದರಲ್ಲೂ ಬೆಲೆಯ ಚೀಟಿ ನೋಡುವ ಕಣ್ಣಿನಲ್ಲಿ. ಇದಕ್ಕೆ ವಿಜ್ಞಾನದ ಬೆಂಬಲವೂ ಇದೆ. 2008ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಜನರಿಗೆ ದ್ರಾಕ್ಷಾರಸ ಕುಡಿಸಿ ಮಿದುಳನ್ನು ಯಂತ್ರದಲ್ಲಿ ನೋಡಿದರು. ಒಂದೇ ದ್ರಾಕ್ಷಾರಸವನ್ನು 10 ಡಾಲರಿನದು ಎಂದಾಗ ಸುಮಾರಾಗಿ ಹಿಡಿಸಿತು, 90 ಡಾಲರಿನದು ಎಂದಾಗ ಬಹಳ ಹಿಡಿಸಿತು. ಬಾಯಿಮಾತಿಗೆ ಹೊಗಳಿದ್ದಲ್ಲ, ಮಿದುಳಿನಲ್ಲಿ ಸುಖವನ್ನು ಅಳೆಯುವ ಭಾಗವೇ ಹೆಚ್ಚು ಚುರುಕಾಯಿತಂತೆ. ಅಂದರೆ ಹೆಚ್ಚು ಕೊಟ್ಟ ದುಡ್ಡು ಪೋಲಾಗುವುದಿಲ್ಲ, ನೆತ್ತಿಗೇರುತ್ತದೆ.

ಮಗಳು ಸುಮ್ಮನಿರದೆ ಇನ್ನೊಂದು ಅಧ್ಯಯನ ತೆಗೆದಳು. 2015ರಲ್ಲಿ ಕೆಲವು ಅರ್ಥಶಾಸ್ತ್ರಜ್ಞರು ಅಮೆರಿಕದ ಮನೆಗಳ ಖರೀದಿಯ ಲೆಕ್ಕ ಜಾಲಾಡಿದಾಗ, ತಲೆನೋವಿನ ಮಾತ್ರೆ ಕೊಳ್ಳುವಾಗ ಔಷಧ ಬಲ್ಲವರೇ, ಅಂದರೆ ಫಾರ್ಮಸಿಸ್ಟರೇ, ಇತರರಿಗಿಂತ ಹೆಚ್ಚಾಗಿ ಅಂಗಡಿಯ ಅಗ್ಗದ ಬ್ರ್ಯಾಂಡನ್ನು ಆರಿಸುವುದು ಕಂಡಿತು. ಉಪ್ಪು, ಸಕ್ಕರೆ, ಅಡುಗೆ ಸೋಡಾ ಕೊಳ್ಳುವಾಗ ವೃತ್ತಿಯ ಬಾಣಸಿಗರೂ ಹಾಗೆಯೇ. ನನಗೆ ಅವರ ಬಗ್ಗೆ ಮರುಕವೆನಿಸಿತು. ಒಂದು ವಿಷಯವನ್ನು ಪೂರ್ತಿ ತಿಳಿದುಕೊಂಡವನಿಗೆ ಬದುಕಿನಲ್ಲಿ ಎಷ್ಟು ಸುಖ ತಪ್ಪಿಹೋಗುತ್ತದೆ!

ಕಾಫಿಯಲ್ಲಿ ಮಾತ್ರ ನಾನು ಗೆದ್ದೆ. ಒಂದೇ ಗುಟುಕಿಗೆ ಅಗ್ಗದ್ದು ಯಾವುದೆಂದು ಹಿಡಿದೆ. ಬೀಗುತ್ತಿರುವಾಗ ಹೆಂಡತಿ ಎರಡೂ ಪೊಟ್ಟಣ ತಂದು ಮುಂದಿಟ್ಟಳು. ಒಂದರಲ್ಲಿ ಚಿಕೋರಿ 20 ಪಾಲು, ಇನ್ನೊಂದರಲ್ಲಿ 47. ಎರಡರ ಮೇಲೂ ಅಚ್ಚಾಗಿತ್ತು. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ 51 ಪಾಲಿಗಿಂತ ಕಡಿಮೆಯಾಗಬಾರದೆಂಬುದಷ್ಟೇ ನಿಯಮ. ಅದರ ಮೇಲೆ ಎಷ್ಟಾದರೂ ಇರಬಹುದು, ಎಷ್ಟಿದೆಯೆಂದು ಹೇಳಿರಬೇಕು. ‘ಹೆಸರು ಓದೋ ಬದಲು ಇದನ್ನ ಓದಿದ್ರೆ ಕುಡಿಯೋದೇ ಬೇಡವಾಗಿತ್ತು. ಒಂದೇ ಪದಾರ್ಥ ಇರೋ ಪೊಟ್ಟಣಕ್ಕೆ ಯಾರ ಹೆಸರಾದ್ರೇನು? ನಾಲ್ಕಾರು ಬೆರೆಸಿ ಮಾಡೋದಕ್ಕೆ ಮಾತ್ರ ಕೈಗುಣ ಬೇಕು. ಬಿಸ್ಕತ್ತು, ಸಾರುಪುಡಿ ಬೇಕಾದ್ರೆ ನಿಮ್ಮಿಷ್ಟದ್ದೇ ತನ್ನಿ’ ಎಂದಳು. ಇದು ಸಂಧಾನವೋ ಅವಮಾನವೋ ಇನ್ನೂ ಬಗೆಹರಿದಿಲ್ಲ.

ಸರ್ಕಾರವೂ ಒಂದು ಕಾಲದಲ್ಲಿ ನನ್ನ ಪಕ್ಷದಲ್ಲಿತ್ತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ನೋಂದಾಯಿತ ಬ್ರ್ಯಾಂಡಿನ ಅಕ್ಕಿ, ಬೇಳೆ, ಹಿಟ್ಟಿನ ಪೊಟ್ಟಣಗಳಿಗೆ ಶೇ 5 ತೆರಿಗೆ, ಹೆಸರಿಲ್ಲದ್ದಕ್ಕೆ ಸೊನ್ನೆ. ನಮ್ಮ ಹೆಮ್ಮೆಗೆ ದೆಹಲಿಯವರೇ ರಸೀದಿ ಕೊಟ್ಟಂತಿತ್ತು. ಆಗ ನಡೆದದ್ದು ಏನು ಗೊತ್ತೇ? ಈ ಹೆಸರಿನ ಮೇಲಿನ ಕಾನೂನು ಹಕ್ಕನ್ನು ನಾವಾಗಿಯೇ ಬಿಟ್ಟಿದ್ದೇವೆ ಎಂದು ಪೊಟ್ಟಣದ ಮೇಲೆ ಅಚ್ಚುಹಾಕಿ ಆ ತೆರಿಗೆಯಿಂದ ತಪ್ಪಿಸಿಕೊಳ್ಳಲು ದಾರಿಯಿತ್ತು. ಹಾಗೆ ಅಚ್ಚುಹಾಕಿದವರೂ ಇದ್ದರು. ನಾನು ವರ್ಷಾನುವರ್ಷ ಯಾವ ಹೆಸರಿಗಾಗಿ ದುಡ್ಡು ಸುರಿದೆನೋ ಅದನ್ನು ಅದರ ಒಡೆಯರೇ ನೂರಕ್ಕೆ ಐದು ರೂಪಾಯಿಗೆ ಬಿಟ್ಟುಕೊಡುವುದೇ? ಆಮೇಲೆ 2022ರ ಜುಲೈ 18ರಿಂದ ಹೆಸರಿರಲಿ ಬಿಡಲಿ, ಮೊದಲೇ ಕಟ್ಟಿ ಚೀಟಿ ಅಂಟಿಸಿದ 25 ಕಿಲೋವರೆಗಿನ ಪೊಟ್ಟಣಗಳಿಗೆಲ್ಲ ಅದೇ ತೆರಿಗೆ ಬಂತು. ಅಂಗಡಿಯ ಬೇಳೆಯೂ ನನ್ನ ಬೇಳೆಯೂ ಒಂದೇ ಸಾಲಿನಲ್ಲಿ ನಿಂತವು. ತೂಗಿ ಸುರಿಯುವ ಬಿಡಿ ಬೇಳೆ ಮಾತ್ರ ಹೊರಗುಳಿಯಿತು, ಶೆಟ್ಟರ ಜಗಲಿಯ ಮೇಲಿನ ಉಪ್ಪಿನ ಮೂಟೆಯ ಹಾಗೆ.

ಇಷ್ಟೆಲ್ಲ ಆದ ಮೇಲೆ ನಾನು ಕಂಪನಿಗಳ ಮುಂದೆ ಒಂದು ಸಲಹೆ ಇಡುತ್ತಿದ್ದೇನೆ. ಬೇಳೆಯನ್ನು ಬಿಟ್ಟುಬಿಡಿ. ಅದನ್ನು ಬೆಳೆಯುವವರು ಬೆಳೆಯುತ್ತಾರೆ, ಒಡೆಯುವವರು ಒಡೆಯುತ್ತಾರೆ, ಅಂಗಡಿಯವರು ಮಾರಿಕೊಳ್ಳುತ್ತಾರೆ. ನೀವು ಪೊಟ್ಟಣವನ್ನಷ್ಟೇ ಮಾರಿ. ಎರಡು ಬೆಲೆಗಳ ನಡುವಿನ ಅಂತರವೇ ಅದರ ಬೆಲೆಯಾಗಲಿ. ಖಾಲಿ ಪೊಟ್ಟಣಕ್ಕೆ ಹುಳ ಹಿಡಿಯುವುದಿಲ್ಲ, ಮಳೆಗಾಲದಲ್ಲಿ ಮುಗ್ಗುವುದಿಲ್ಲ, ತೂಕದಲ್ಲಿ ಮೋಸವೆಂದು ಯಾರೂ ದೂರುವಂತಿಲ್ಲ. ನನ್ನಂಥವರು ಕೊಳ್ಳುತ್ತಿದ್ದದ್ದೂ ಅದನ್ನೇ.

ಅವರು ಒಪ್ಪುವವರೆಗೆ ನನಗೊಂದು ತುರ್ತು ಇದೆ. ಶ್ರಾವಣಕ್ಕೆ ಬೀಗರು ಬರುತ್ತಾರೆ. ನೀರು ಕೇಳುವ ನೆಪದಲ್ಲಿ ಬೀಗಿತ್ತಿಯವರು ಅಡುಗೆಮನೆಗೆ ಬಂದು ಕಪಾಟಿನ ಮೇಲೆ ಕಣ್ಣಾಡಿಸುವವರೇ. ಬೇಳೆಯನ್ನು ಯಾರೂ ಅಗಿದು ನೋಡುವುದಿಲ್ಲ, ಚೀಟಿ ಓದುತ್ತಾರೆ. ಹೆಂಡತಿ ಈ ತಿಂಗಳ ಸಾಮಾನನ್ನೆಲ್ಲ ಅಂಗಡಿ ಬ್ರ್ಯಾಂಡಿನದೇ ತಂದು ಮುಗಿಸಿದ್ದಾಳೆ. ಉಪ್ಪು, ಸಕ್ಕರೆ, ಬೇಳೆಗೆ ನಾನು ಗುಟ್ಟಾಗಿ ಕೂಡಿಟ್ಟಿದ್ದ ಹಳೆಯ ಪೊಟ್ಟಣಗಳಿವೆ. ತುಪ್ಪಕ್ಕೆ ಇಲ್ಲ. ಆದ್ದರಿಂದ ಓದುಗರಲ್ಲಿ ವಿನಂತಿ: ನಿಮ್ಮ ಮನೆಯಲ್ಲಿ ಒಂದು ಲೀಟರಿನ ದುಬಾರಿ ತುಪ್ಪದ ಗಾಜಿನ ಬಾಟಲಿ, ಮುಚ್ಚಳ ಸಮೇತ, ಚೀಟಿಗೆ ಜಿಡ್ಡು ಹತ್ತದಂತೆ ಇದ್ದರೆ ದಯವಿಟ್ಟು ಎಸೆಯಬೇಡಿ. ತೊಳೆದಿಡಿ, ನಾನೇ ಬಂದು ಒಯ್ಯುತ್ತೇನೆ. ತುಪ್ಪ ಇನ್ನೂ ಉಳಿದಿದ್ದರೆ ನೀವೇ ಉಂಡು ಮುಗಿಸಿ. ನನಗೆ ಅದು ಬೇಡ.